ಲೋಹಕ್ಕೂ ದಣಿವುಂಟು

ಕಬ್ಬಿಣದ ತಂತಿಯೊಂದನ್ನು ಕೈಯಿಂದ ಎಳೆದು ತುಂಡರಿಸುವುದು ಬಲಶಾಲಿಗೂ ಕಷ್ಟ. ಅದನ್ನೇ ಅತ್ತಿತ್ತ ಹಲವು ಬಾರಿ ಬಗ್ಗಿಸಿದರೆ ಪುಟ್ಟ ಬಾಲಕನೂ ಮುರಿಯಬಲ್ಲನು. ಒಮ್ಮೆ ಎರಗಿದ ದೊಡ್ಡ ಬಲಕ್ಕೆ ಜಗ್ಗದ ಲೋಹವು ಮರಳಿ ಮರಳಿ ಬೀಳುವ ಸಣ್ಣ ಬಲಕ್ಕೆ ಸೋಲುತ್ತದೆ. ಇದನ್ನು ವಿಜ್ಞಾನಿಗಳು ಲೋಹದ ದಣಿವು ಎನ್ನುತ್ತಾರೆ. ಮನುಷ್ಯನ ದಣಿವು ವಿಶ್ರಾಂತಿಯಿಂದ ನೀಗುತ್ತದೆ. ಲೋಹದ ದಣಿವು ನೀಗದು. ಅದು ಕಣ್ಣಿಗೆ ಕಾಣದ ಬಿರುಕಾಗಿ ಹುಟ್ಟಿ, ಸ್ವಲ್ಪ ಸ್ವಲ್ಪವೇ ಬೆಳೆದು, ಕಡೆಗೊಂದು ದಿನ ಹಠಾತ್ತನೆ ಅನಾಹುತವನ್ನು ತರುತ್ತದೆ.

ವಿಮಾನದ ಒಡಲು ಪ್ರತಿ ಹಾರಾಟದಲ್ಲಿಯೂ ಈ ದಣಿವಿಗೆ ಈಡಾಗುತ್ತದೆ. ಮೇಲೇರಿದಾಗ ಹೊರಗಿನ ಗಾಳಿ ವಿರಳವಾಗುವುದರಿಂದ, ಒಳಗಿನ ಗಾಳಿಯ ಒತ್ತಡಕ್ಕೆ ಒಡಲು ತುಸು ಉಬ್ಬುತ್ತದೆ; ಕೆಳಗಿಳಿದಾಗ ಮೊದಲಿನಂತಾಗುತ್ತದೆ. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು ಮೆಡಿಟರೇನಿಯನ್ ಸಮುದ್ರದ ಪಾಲಾದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಅದೇ ಬಗೆಯ ವಿಮಾನವೊಂದನ್ನು ನೀರಿನ ತೊಟ್ಟಿಯಲ್ಲಿರಿಸಿ, ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ಪರೀಕ್ಷಿಸಿದಾಗ, ಲೋಹದ ದಣಿವೇ ಇದಕ್ಕೆ ಕಾರಣವೆಂದು ತಿಳಿಯಿತು.

ಅನಂತರ ಪರೀಕ್ಷೆ, ತಪಾಸಣೆಗಳ ನಿಯಮಗಳು ಬಿಗಿಯಾದವು. ಆದರೂ 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಬೋಯಿಂಗ್ 737 ವಿಮಾನವೊಂದರ ಮುಂಭಾಗದ ಛಾವಣಿಯು ಕಿತ್ತುಹೋಯಿತು. ವಿಮಾನವು ನೆಲಕ್ಕಿಳಿಯಿತಾದರೂ ಗಗನಸಖಿಯೊಬ್ಬರು ಪ್ರಾಣವನ್ನು ಕಳೆದುಕೊಂಡರು. ಆ ವಿಮಾನವು ಅದುವರೆಗೆ 89,680 ಬಾರಿ ಹಾರಿತ್ತು. ರಿವೆಟ್ ರಂಧ್ರಗಳ ಬಳಿ ಹುಟ್ಟಿದ ಬಿರುಕುಗಳು ಒಂದನ್ನೊಂದು ಕೂಡಿಕೊಂಡಿದ್ದವು. ತಪಾಸಣೆಯಲ್ಲಿ ಅವು ಪತ್ತೆಯಾಗಿರಲಿಲ್ಲ. ವಿಮಾನವನ್ನೇರುವಾಗ ಪ್ರಯಾಣಿಕರೊಬ್ಬರು ಬಾಗಿಲ ಬಳಿ ಬಿರುಕನ್ನು ಕಂಡಿದ್ದರು. ಆದರೆ ಯಾರಿಗೂ ಹೇಳಲಿಲ್ಲ.

ತಪಾಸಣೆಯ ದಿನ ಬರಲೆಂದು ಬಿರುಕು ಕಾಯುವುದಿಲ್ಲ. ಆದುದರಿಂದ ಕಾವಲುಗಾರನು ಆಗಾಗ ಬಂದುಹೋಗುವುದಕ್ಕಿಂತ ಲೋಹದ ಮೈಯಲ್ಲಿಯೇ ನೆಲೆಸಿರುವುದು ಲೇಸು. ಇಂತಹ ಕಾವಲಿಗೆ ಇಂದು ಹಲವು ಸಾಧನಗಳಿವೆ. ಲೋಹಕ್ಕೆ ಅಂಟಿಸಿದ ಸಣ್ಣ ಬಿಲ್ಲೆಯೊಂದು ಕಿವಿಗೆ ಕೇಳದ ಅಲೆಗಳನ್ನು ಅದರೊಳಗೆ ಕಳುಹಿಸುತ್ತದೆ. ಇನ್ನೊಂದು ಬಿಲ್ಲೆಯು ಅವನ್ನು ಗ್ರಹಿಸುತ್ತದೆ. ದಾರಿಯಲ್ಲಿ ಬಿರುಕಿದ್ದರೆ ಅಲೆಯ ರೂಪ ಬದಲಾಗುತ್ತದೆ. ಮತ್ತೊಂದು ವಿಧಾನದಲ್ಲಿ, ಸೂಕ್ಷ್ಮವಾದ ಕಾಲುವೆಗಳುಳ್ಳ ಪಟ್ಟಿಯನ್ನು ಅಂಟಿಸಿ, ಕಾಲುವೆಗಳೊಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಪಟ್ಟಿಯ ಅಡಿಯಲ್ಲಿ ಲೋಹವು ಬಿರುಕುಬಿಟ್ಟರೆ ಗಾಳಿಯು ಒಳನುಸುಳಿ ಸುಳಿವು ಕೊಡುತ್ತದೆ.

ಈ ಸಾಧನಗಳಿಗೆ ಹಣ ಬೇಕು, ಅವು ತಾವೇ ಕೆಡಬಹುದು, ಇಲ್ಲದ ಬಿರುಕನ್ನು ಇದೆಯೆಂದು ಸಾರಲೂಬಹುದು ಎಂಬ ಆಕ್ಷೇಪವುಂಟು. ಅದು ಸುಳ್ಳಲ್ಲ. ಆದುದರಿಂದಲೇ ನುರಿತ ತಪಾಸಕನ ಕಣ್ಣನ್ನು ಕೈಬಿಡಲಾಗದು. ಆದರೆ ಸುಲಭವಾಗಿ ಬಿಚ್ಚಿ ನೋಡಲಾಗದ ಎಡೆಗಳಲ್ಲಿ, ಎರಡು ತಪಾಸಣೆಗಳ ನಡುವಿನ ದಿನಗಳಲ್ಲಿ ಆ ಕಣ್ಣು ಎಚ್ಚರವಾಗಿರಲಾರದು. ಮನುಷ್ಯರ ಪ್ರಾಣದ ಮುಂದೆ ಈ ವೆಚ್ಚವು ದೊಡ್ಡದಲ್ಲ.

ಇಷ್ಟಾದರೂ ಸಾಧನವು ಸುದ್ದಿಯನ್ನು ಮಾತ್ರ ಹೇಳಬಲ್ಲುದು. ಹಾರಾಟವನ್ನು ನಿಲ್ಲಿಸಿ ದುರಸ್ತಿ ಮಾಡುವ ನಿರ್ಧಾರ ಮನುಷ್ಯನದು. ಹವಾಯಿಯಲ್ಲಿ ಬಿರುಕು ಕಣ್ಣಿಗೆ ಬಿದ್ದಿತ್ತು, ಆದರೆ ಆ ಸುದ್ದಿ ತಲುಪಬೇಕಾದವರಿಗೆ ತಲುಪಲಿಲ್ಲ. ಲೋಹಕ್ಕೆ ನಾಲಗೆಯನ್ನು ಕೊಡುವುದು ವಿಜ್ಞಾನದ ಕೆಲಸ; ಅದರ ಮಾತಿಗೆ ಕಿವಿಗೊಡುವುದು, ಕಂಡುದನ್ನು ಹೇಳುವುದು ಮಾನವನ ಹೊಣೆ.