ವಿಷ ಕಳೆಯುವ ಪಾನೀಯ: ಭೀಮಾ ತೀರಕ್ಕೆ ಬೇಕಾದುದು ಯಾವ ನೀರು?

ಕಲಬುರಗಿ: ಏಪ್ರಿಲ್ ಬಂತೆಂದರೆ ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ಜನಜೀವನವನ್ನು ಬಿಸಿಲೇ ಆಳತೊಡಗುತ್ತದೆ. ಉಷ್ಣಾಂಶ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ವರ್ಷಗಳಿಂದ ನಡೆದುಬಂದ ಕ್ರಮ. ಇಂತಹ ನಾಡಿನಲ್ಲಿ ಏನು ಕುಡಿಯಬೇಕು ಎಂಬ ಪ್ರಶ್ನೆ ಶೋಕಿಯ ಪ್ರಶ್ನೆಯಲ್ಲ. ಮಜ್ಜಿಗೆ, ಜೋಳದ ಅಂಬಲಿ, ಬೆಲ್ಲದ ಪಾನಕಗಳು ತಲೆಮಾರುಗಳಿಂದ ಅದಕ್ಕೆ ಉತ್ತರವಾಗಿದ್ದವು. ಈಗ ಅವುಗಳ ಪಕ್ಕದಲ್ಲಿ ‘ಡಿಟಾಕ್ಸ್’ ಎಂಬ ಹೊಸ ಹೆಸರು ಬಂದು ನಿಂತಿದೆ.

ದೇಹದಲ್ಲಿ ಸಂಚಯವಾದ ವಿಷವನ್ನು ಹೊರಹಾಕುತ್ತದೆ ಎಂಬುದು ಈ ಪಾನೀಯಗಳ ಮುಖ್ಯ ಭರವಸೆ. ಆದರೆ ಯಾವ ವಿಷ, ಎಷ್ಟು, ಯಾವ ದಾರಿಯಿಂದ ಹೊರಹೋಗುತ್ತದೆ ಎಂಬ ವಿವರ ಪೊಟ್ಟಣದ ಮೇಲೆಯೂ ಸಿಗುವುದಿಲ್ಲ, ಮೊಬೈಲ್ ಪರದೆಯ ಜಾಹೀರಾತಿನಲ್ಲಿಯೂ ಸಿಗುವುದಿಲ್ಲ. ಬ್ರಿಟನ್ನಿನ ‘ಸೆನ್ಸ್ ಅಬೌಟ್ ಸೈನ್ಸ್’ ಸಂಸ್ಥೆಯ ಆಶ್ರಯದಲ್ಲಿ ಯುವ ವಿಜ್ಞಾನಿಗಳು 2009ರಲ್ಲಿ ಇಂತಹ 15 ಉತ್ಪನ್ನಗಳ ತಯಾರಕರನ್ನು ಇದೇ ಪ್ರಶ್ನೆ ಕೇಳಿದ್ದರು. ಯಾವ ಎರಡು ಕಂಪನಿಗಳೂ ‘ಡಿಟಾಕ್ಸ್’ ಎಂಬ ಪದಕ್ಕೆ ಒಂದೇ ಅರ್ಥ ಹೇಳಲಿಲ್ಲ. 2015ರಲ್ಲಿ ಪ್ರಕಟವಾದ ವಿಮರ್ಶಾತ್ಮಕ ಅಧ್ಯಯನವೊಂದು, ಮಾರುಕಟ್ಟೆಯ ಡಿಟಾಕ್ಸ್ ಪಥ್ಯಗಳ ಪರಿಣಾಮವನ್ನು ಮನುಷ್ಯರಲ್ಲಿ ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದ ಒಂದೂ ನಿಯಂತ್ರಿತ ಪ್ರಯೋಗ ದೊರೆಯಲಿಲ್ಲವೆಂದು ದಾಖಲಿಸಿತು.

ವೈದ್ಯಶಾಸ್ತ್ರದಲ್ಲಿ ವಿಷ ನಿವಾರಣೆ ಎಂಬುದು ಇಲ್ಲವೆಂದಲ್ಲ. ತೊಗರಿ, ಹತ್ತಿ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುವಾಗ ಅಸ್ವಸ್ಥನಾದ ಕಾರ್ಮಿಕನಿಗೆ ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಚುಚ್ಚುಮದ್ದು, ಹಾವು ಕಚ್ಚಿದವನಿಗೆ ಕೊಡುವ ಪ್ರತಿವಿಷ, ಮದ್ಯವ್ಯಸನ ಬಿಡಿಸುವ ಚಿಕಿತ್ಸೆ, ಇವೆಲ್ಲ ಆ ವರ್ಗಕ್ಕೆ ಸೇರಿದವು. ಇವುಗಳಲ್ಲಿ ವಿಷಕ್ಕೆ ಹೆಸರಿದೆ, ಔಷಧಕ್ಕೆ ಪ್ರಮಾಣವಿದೆ. ಉಳಿದಂತೆ ನಿತ್ಯದ ಶುದ್ಧೀಕರಣವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಹಗಲಿರುಳು ನಿರ್ವಹಿಸುತ್ತವೆ. ಪ್ರೋಟೀನು ಕರಗಿದಾಗ ಹುಟ್ಟುವ ಅಮೋನಿಯವನ್ನು ಯಕೃತ್ತು ಯೂರಿಯವನ್ನಾಗಿ ಮಾರ್ಪಡಿಸುತ್ತದೆ. ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬಹುಪಾಲನ್ನು ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಹಾಕುತ್ತವೆ. ಈ ಕೆಲಸಕ್ಕೆ ಅವು ಕೇಳುವುದು ಸಾಕಷ್ಟು ನೀರನ್ನು. ಜೀರಿಗೆ, ಸೌತೆಕಾಯಿ, ಇಂಡಿಯ ಲಿಂಬೆ ಬೆರೆಸಿದರೆ ರುಚಿ ಹೆಚ್ಚೀತು; ಸೋಸುವ ಶಕ್ತಿ ಹೆಚ್ಚದು.

ಹಾಗಾದರೆ ಜನ ನಂಬುವುದೇಕೆ? ಕಾಮಾಲೆಯ ಉದಾಹರಣೆ ಇಲ್ಲಿ ಗಮನಾರ್ಹ. ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಬಹುತೇಕ ಪ್ರಕರಣಗಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆ ಅವಧಿಯಲ್ಲಿ ಯಾವ ಸೊಪ್ಪಿನ ರಸ ಕುಡಿಸಿದ್ದರೂ ಕೀರ್ತಿ ಆ ರಸಕ್ಕೇ ಸಲ್ಲುತ್ತದೆ. ಗರ್ಭಿಣಿಗೆ ಹೆಪಟೈಟಿಸ್ ಇ ತಗುಲಿದಾಗ ಮಾತ್ರ ಇದೇ ನಂಬಿಕೆ ಪ್ರಾಣಕ್ಕೆ ಎರವಾಗಬಲ್ಲದು. ತೂಕ ಇಳಿಯಿತೆಂಬ ಸಂತೋಷದ ಕಥೆಯೂ ಬೇರೆಯಲ್ಲ. ಮೂರು ದಿನ ರಸವನ್ನಷ್ಟೇ ಕುಡಿದರೆ ಇಳಿಯುವುದು ಹೆಚ್ಚಾಗಿ ನೀರಿನ ತೂಕ, ರೊಟ್ಟಿ ತಿಂದ ವಾರದಲ್ಲಿ ಅದು ಮರಳುತ್ತದೆ.

ಹಾನಿಯಿಲ್ಲದಿದ್ದರೆ ಕುಡಿಯಲಿ ಬಿಡಿ ಎನ್ನುವ ವಾದವೊಂದಿದೆ. ದಾಖಲೆಗಳು ಅದನ್ನು ಪೂರ್ತಿ ಸಮರ್ಥಿಸುವುದಿಲ್ಲ. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಸೋರೆಕಾಯಿ ಮತ್ತು ಹಾಗಲಕಾಯಿ ರಸ ಸೇವಿಸಿದ ಬಳಿಕ ಮೃತಪಟ್ಟ ಪ್ರಕರಣ ದೇಶದ ಗಮನ ಸೆಳೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರಿಣತರ ಸಮಿತಿ ಇಂತಹ ಪ್ರಕರಣಗಳನ್ನು ಪರಿಶೀಲಿಸಿ, ಕಹಿಯಾದ ಸೋರೆಕಾಯಿಯ ರಸವನ್ನು ಯಾವ ಕಾರಣಕ್ಕೂ ಕುಡಿಯಬಾರದೆಂದು ಸೂಚಿಸಿತು. ಕುಕುರ್ಬಿಟಾಸಿನ್ ಎಂಬ ಕಹಿ ಅಂಶ ಅದರಲ್ಲಿ ವಿಷದಂತೆ ವರ್ತಿಸುತ್ತದೆ. ಮೊದಲು ಚೂರೊಂದನ್ನು ರುಚಿ ನೋಡಬೇಕು, ಕಹಿಯಿದ್ದರೆ ಎಸೆಯಬೇಕು, ಬೇರೆ ರಸದೊಡನೆ ಬೆರೆಸಬಾರದು ಎಂಬುದು ಸಮಿತಿಯ ಸಲಹೆ. ಕಹಿಯಾದಷ್ಟೂ ಗುಣ ಹೆಚ್ಚೆಂದು ಕಣ್ಣುಮುಚ್ಚಿ ಕುಡಿಯುವವರು ಇದನ್ನು ನೆನಪಿಡಬೇಕು. ಅಮೆರಿಕದಲ್ಲಿ ಆಕ್ಸಲೇಟ್ ಹೆಚ್ಚಿರುವ ಸೊಪ್ಪಿನ ರಸದ ‘ಶುದ್ಧಿ’ ಕ್ರಮ ಅನುಸರಿಸಿದ 65 ವರ್ಷದ ಮಹಿಳೆಯ ಮೂತ್ರಪಿಂಡಗಳು ವಿಫಲವಾದುದು 2018ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಆಕೆಗೆ ಹಿಂದೆ ಜಠರದ ಶಸ್ತ್ರಚಿಕಿತ್ಸೆಯಾಗಿತ್ತು, ಪ್ರತಿಜೀವಕಗಳನ್ನೂ ಸೇವಿಸಿದ್ದರು ಎಂಬುದನ್ನು ಮರೆಯಬಾರದು. ಆದರೆ ತಮ್ಮ ದೇಹಸ್ಥಿತಿಯ ಅರಿವಿಲ್ಲದೆ ಕುಡಿಯುವವರೇ ಹೆಚ್ಚಿರುವಾಗ ಈ ವಿನಾಯಿತಿ ಸಮಾಧಾನ ಕೊಡುವಂಥದ್ದಲ್ಲ. ಮೂತ್ರಪಿಂಡದ ತೊಂದರೆಯುಳ್ಳವರಿಗೆ ಎಳನೀರಿನ ಪೊಟ್ಯಾಸಿಯಂ ಕೂಡ ಅಪಾಯಕಾರಿಯಾಗಬಹುದು. ಮಧುಮೇಹಿ ಗುಳಿಗೆ ಬಿಟ್ಟು ರಸ ಹಿಡಿದರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ.

ಮಜ್ಜಿಗೆ ಮತ್ತು ಅಂಬಲಿಗಳನ್ನೂ ಈಗ ಕೆಲವರು ‘ದೇಸಿ ಡಿಟಾಕ್ಸ್’ ಎಂದು ಕರೆಯತೊಡಗಿದ್ದಾರೆ. ಅವಕ್ಕೆ ಆ ಬಿರುದು ಅನಗತ್ಯ. ಉಪ್ಪು ಹಾಕಿದ ಮಜ್ಜಿಗೆ ಬೆವರಿನಲ್ಲಿ ಹೋದ ನೀರನ್ನೂ ಲವಣವನ್ನೂ ತುಂಬಿಕೊಡುತ್ತದೆ, ಅಂಬಲಿ ಹೊಟ್ಟೆಗೆ ಆಧಾರವಾಗುತ್ತದೆ, ಅಷ್ಟೇ ಸಾಕು. ವಾಂತಿ-ಭೇದಿಯಾದಾಗ ಬೇಕಾದುದು ಓಆರ್‌ಎಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನೋಬಿಸ್ ಉಪ್ಪು, ಸಕ್ಕರೆ, ನೀರಿನ ಈ ದ್ರಾವಣದಿಂದ ಕಾಲರಾ ರೋಗಿಗಳ ಮರಣ ಪ್ರಮಾಣವನ್ನು ಶೇ 30ರ ಆಸುಪಾಸಿನಿಂದ ಶೇ 4ಕ್ಕಿಂತ ಕೆಳಗೆ ತಂದರು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರಾಯಿತು. ಆ ಹೆಸರಿಗೂ ಮಾರುಕಟ್ಟೆ ಕೈಹಾಕಿತ್ತು. ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳು ‘ಓಆರ್‌ಎಸ್’ ಎಂಬ ಪದ ಬಳಸದಂತೆ ಆಹಾರ ಸುರಕ್ಷತೆ ಪ್ರಾಧಿಕಾರ ಆದೇಶಿಸಿದ್ದು 2025ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುನ್ನ, 2024ರ ಏಪ್ರಿಲ್‌ನಲ್ಲಿ, ಆಹಾರ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವ್ಯಾಖ್ಯೆಯೇ ಇಲ್ಲವೆಂದು ಹೇಳಿ ಆ ವರ್ಗವನ್ನು ತೆಗೆದುಹಾಕುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ತಾಣಗಳಿಗೆ ತಿಳಿಸಿತ್ತು.

ಈ ಮೂರು ತಾಲ್ಲೂಕುಗಳ ಮಟ್ಟಿಗೆ ವಿಷದ ಪ್ರಶ್ನೆ ಬೇರೊಂದು ಕಡೆ ಇದೆ. ಆಳಂದದ ಅಮರ್ಜಾ ನದಿ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಅಫಜಲಪುರ ದಾಟಿ ಜೇವರ್ಗಿಯತ್ತ ಹರಿಯುತ್ತಾಳೆ. ಬೇಸಿಗೆಯಲ್ಲಿ ಹೊಳೆ ಸೊರಗಿ, ಮಹಾರಾಷ್ಟ್ರದ ಉಜನಿ ಜಲಾಶಯದತ್ತ ಕಣ್ಣು ನೆಟ್ಟು ಕುಳಿತ ಹಳ್ಳಿಗಳಿಗೆ ಕೊಳವೆಬಾವಿಯೇ ಗತಿ. ಜಿಲ್ಲೆಯ ಕೆಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹಾಗೂ ನೈಟ್ರೇಟ್ ಮಿತಿ ಮೀರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿ ಗುರುತಿಸಿದೆ. ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದೆಂಬುದು ಭಾರತೀಯ ಮಾನಕ. ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸಿದರೆ, ನೈಟ್ರೇಟ್ ಹಸುಗೂಸುಗಳ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಂದಿಸುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಆದರೆ ಈ ಲವಣಗಳು ಹೋಗುವುದಿಲ್ಲ. ನೀರು ಆವಿಯಾದಂತೆ ಸಾಂದ್ರತೆ ಹೆಚ್ಚುತ್ತದೆ. ಆ ನೀರಿನಲ್ಲಿಯೇ ರಾತ್ರಿಯಿಡೀ ಮೆಂತ್ಯೆ ನೆನೆಹಾಕಿ ಬೆಳಿಗ್ಗೆ ಕುಡಿದರೆ ಫ್ಲೋರೈಡೂ ಮೆಂತ್ಯೆಯ ಜೊತೆಗೇ ಒಳಸೇರುತ್ತದೆ.

ಇದನ್ನು ಬೇರ್ಪಡಿಸಬಲ್ಲ ಯಂತ್ರ ಹಳ್ಳಿಗಳಿಗೆ ಅಪರಿಚಿತವೇನಲ್ಲ. ಶುದ್ಧ ಕುಡಿಯುವ ನೀರಿನ ಘಟಕಗಳು ಇರುವುದೇ ಅದಕ್ಕಾಗಿ. ಪೊರೆ ಬದಲಿಸದೆ, ವಿದ್ಯುತ್ ಬಿಲ್ಲು ಕಟ್ಟದೆ ಘಟಕಗಳು ನಿಂತಿವೆ ಎಂಬ ದೂರು ಮಾತ್ರ ಪ್ರತಿ ಬೇಸಿಗೆಯಲ್ಲಿಯೂ ಗ್ರಾಮ ಪಂಚಾಯಿತಿಗಳ ಬಾಗಿಲಿಗೆ ಬರುತ್ತದೆ. ಊರಿನ ಕೊಳವೆಬಾವಿಯ ನೀರನ್ನು ಕೊನೆಯ ಬಾರಿ ಯಾವಾಗ ಪರೀಕ್ಷಿಸಲಾಯಿತು, ಫಲಿತಾಂಶವೇನು ಎಂದು ಗ್ರಾಮಸಭೆಯಲ್ಲಿ ಕೇಳಲು ಯಾವ ಪೊಟ್ಟಣವನ್ನೂ ಕೊಳ್ಳಬೇಕಿಲ್ಲ.