ಗೃಹಸ್ಥರೊಡನೆ: ಅವಸರದ ಬೋಲ್ಟು

ಕಳೆದ ಮಾಸದಲ್ಲಿ ನಮ್ಮ ಸ್ನಾನಗೃಹದ ಕಾಂಕ್ರೀಟು ನೆಲಕ್ಕೆ ಬಿಗಿಸಿದ್ದ ಕಬ್ಬಿಣದ ಹಿಡಿಗಂಬವು, ಮನೆಯಾಕೆ ಭಾರವೂರಿದೊಡನೆಯೇ ಬೋಲ್ಟುಗಳ ಸಮೇತ ಕಿತ್ತುಬಂದಿತು. ಆಕೆ ಬೀಳದೆ ಉಳಿದುದೇ ಪುಣ್ಯ.

ಇಂತಹ ಬೋಲ್ಟನ್ನು ಬಿಗಿದಂತೆಲ್ಲ ಅದರ ತುದಿಯ ಕೊಳವೆಯು ಅರಳಿ ರಂಧ್ರದ ಪಾರ್ಶ್ವಗಳನ್ನು ಒತ್ತಿ ಹಿಡಿಯುವುದು. ನಮ್ಮಲ್ಲಿಯಾದರೋ ಕೊರೆದಾಗಿನ ಪುಡಿಯು ಒಳಗೇ ಉಳಿದಿತ್ತು. ಬೋಲ್ಟು ಹಿಡಿದುದು ಪುಡಿಯನ್ನು, ಕಾಂಕ್ರೀಟನ್ನಲ್ಲ.

ಆದುದರಿಂದ ವಾಚಕ ಮಹಾಶಯರು ರಂಧ್ರವನ್ನು ಬ್ರಷ್ಷಿನಿಂದ ಉಜ್ಜಿಸಿ, ಗಾಳಿಯೂದಿಸಿ, ಶುದ್ಧಗೊಳಿಸಿದ ಬಳಿಕವೇ ಬೋಲ್ಟನ್ನು ಇಳಿಸಗೊಡಬೇಕು. ನೆಲದ ಅಂಚಿಗೆ ತೀರ ಸಮೀಪದಲ್ಲಿ ಕೊರೆದರೆ ಕಾಂಕ್ರೀಟು ಬಿರಿಯುವುದು. ಹೊಸ ನೆಲವಾದರೆ ಅದು ನಿಯತಬಲವನ್ನು ಹೊಂದಲು 28 ದಿನ ಕಾಯುವುದು ಲೇಸು.

ಕೆಲಸಗಾರನನ್ನು ದೂಷಿಸಲು ನಮಗೆ ನಾಲಗೆಯೇಳಲಿಲ್ಲ. 'ಸಂಜೆಯೊಳಗೆ ಮುಗಿಸಯ್ಯಾ' ಎಂದು ಅವನನ್ನು ಅವಸರಪಡಿಸಿದವರು ನಾವೇ ಅಲ್ಲವೇ?