ಹಳಿ ಕೆಲಸದ ಹೊರೆ ಬಡವನ ಬೆನ್ನಿಗೇ?

ಬಳ್ಳಾರಿ–ಚಿಕ್ಕಜಾಜೂರು ನಡುವಣ 185 ಕಿಲೋಮೀಟರ್ ಹಳಿಯನ್ನು ಜೋಡಿ ಮಾಡಲು ಕೇಂದ್ರ ಸಂಪುಟ 2025ರ ಜೂನ್‌ನಲ್ಲಿ ಒಪ್ಪಿಗೆಯಿತ್ತಿತು. 3,342 ಕೋಟಿ ರೂಪಾಯಿಯ ಕೆಲಸ. ಆಗಲಿ, ಬೇಡವೆನ್ನುವವರು ಯಾರು? ಆದರೆ ಕೆಲಸಕ್ಕಾಗಿ ರೈಲು ನಿಲ್ಲಿಸಿದ ದಿನ ರಾಯದುರ್ಗ, ಮೊಳಕಾಲ್ಮೂರು ಕಡೆಯ ಜನ ಹೇಗೆ ಓಡಾಡಬೇಕು?

ರೈಲ್ವೆಯ ಪದ್ಧತಿ ನಮಗೆ ಗೊತ್ತಿದ್ದದ್ದೇ. “ಕಾಮಗಾರಿ ನಿಮಿತ್ತ ರದ್ದು” ಎಂದೊಂದು ಪ್ರಕಟಣೆ, ಕೊನೆಗೊಂದು ವಿಷಾದ. ಸೀಟು ಕಾಯ್ದಿರಿಸಿದವರಿಗೆ ಹಣ ಮರಳುತ್ತದೆ. ಪ್ಯಾಸೆಂಜರ್ ಗಾಡಿಯನ್ನೇ ನಂಬಿದ ಕೂಲಿಕಾರನಿಗೆ, ಬ್ರೂಸ್‌ಪೇಟೆಗೆ ಸರಕು ಕೊಳ್ಳಲು ಬರುವ ಚಿಲ್ಲರೆ ವ್ಯಾಪಾರಿಗೆ ಮರಳುವುದೇನು? ಹೋದ ಕೂಲಿಯನ್ನು ವಿಷಾದ ತುಂಬಿಕೊಡುವುದೆ? ಬಸ್ಸಿಗೆ ಹೋಗೆಂದರೆ ರೈಲಿನ ದರದ ಹಲವು ಪಟ್ಟು ತೆರಬೇಕು.

ಬ್ರಿಟನ್ನಿನಲ್ಲಿ ಶನಿವಾರ–ಭಾನುವಾರ ಹಳಿ ಕೆಲಸ ನಡೆದರೆ ರೈಲು ಕಂಪೆನಿಗಳೇ ಬಸ್ ಬಿಡುತ್ತವೆ. ರೈಲಿನ ಟಿಕೆಟ್ಟೇ ಅದಕ್ಕೆ ಸಾಕು. ಆ ಬಸ್ಸು ತಡ, ಇಕ್ಕಟ್ಟು ಎಂದು ಅಲ್ಲಿನವರು ಸಿಡುಕುತ್ತಾರೆ. ನಮಗೆ ಸಿಡುಕಲಿಕ್ಕೂ ಬಸ್ಸಿಲ್ಲ!

“ತಾತ್ಕಾಲಿಕ, ಸಹಿಸಿಕೊಳ್ಳಿ” ಎನ್ನುವರು. ಗೇಜ್ ಪರಿವರ್ತನೆಗೆಂದು 1996ರಲ್ಲಿ ನಿಂತ ಹಾಸನ–ಮಂಗಳೂರು ಪ್ರಯಾಣಿಕರ ರೈಲು ಮರಳಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ಜನ ತಮ್ಮ ಜೇಬಿನಿಂದಲೇ ಬಸ್ಸಿಗೆ ತೆತ್ತು ಘಟ್ಟ ಹತ್ತಿಳಿದರು. ತಾತ್ಕಾಲಿಕವೆಂದರೆ ಇಷ್ಟು!

ನಮ್ಮ ಬೇಡಿಕೆ ಸ್ಪಷ್ಟ. ರೈಲು ನಿಂತ ದಿನ ರೈಲ್ವೆಯೇ ಕಲ್ಯಾಣ ಕರ್ನಾಟಕ ಸಾರಿಗೆ ಸಂಸ್ಥೆಯ ಬಸ್ಸುಗಳನ್ನು ಗೊತ್ತುಮಾಡಿ, ರೈಲಿನ ದರದಲ್ಲೇ, ನಿಲ್ದಾಣದಿಂದ ನಿಲ್ದಾಣಕ್ಕೆ ಜನರನ್ನು ಸಾಗಿಸಲಿ. ಆ ಖರ್ಚನ್ನು ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಸೇರಿಸಲಿ. ಜಲ್ಲಿಗೆ, ಸಿಮೆಂಟಿಗೆ ಅಲ್ಲಿ ಜಾಗವಿದೆ; ಮನುಷ್ಯನಿಗೂ ಇರಲಿ. ಅದಿರಿಗೆ ಎರಡನೆಯ ಹಳಿ ಹಾಕುವವರು ಜನಕ್ಕೊಂದು ಬಸ್ ಬಿಡಲಾರರೆ?